ಯುದ್ಧದ ನಡುವೆ ನಲ್ಲಿ, ದೀಪ, ಚರಂಡಿ: ಮದ್ರಾಸ್ ಕಾರ್ಪೊರೇಷನ್ ನಡೆದುಬಂದ ದಾರಿ

ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ರೈಲು ಹತ್ತಿ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದವರ ಕಣ್ಣಿಗೆ ಹೊರಗೆ ಬರುತ್ತಲೇ ಬೀಳುವುದು ರಿಪ್ಪನ್ ಬಿಲ್ಡಿಂಗಿನ ಬಿಳಿ ಗೋಡೆ ಮತ್ತು ಗಡಿಯಾರದ ಗೋಪುರ. ನಗರ ಪಾಲಿಕೆಯ ಕಚೇರಿ ಅದು. ಈ ಊರಿನಲ್ಲಿ ಮೂರು ನಾಲ್ಕು ತಲೆಮಾರಿನಿಂದ ನೆಲೆಸಿರುವ ಕನ್ನಡಿಗರು ಮನೆಗಂದಾಯ ಕಟ್ಟಿದ್ದು, ಮಕ್ಕಳ ಜನನ ಬರೆಸಿದ್ದು, ಹೋಟೆಲಿಗೆ ಲೈಸೆನ್ಸ್ ಪಡೆದದ್ದು ಇದೇ ಸಂಸ್ಥೆಯಿಂದ. ಆದರೂ ಅದರ ಚರಿತ್ರೆ ಕನ್ನಡದಲ್ಲಿ ಅಷ್ಟಾಗಿ ಬಂದಿಲ್ಲ.

ಸ್ಮರಣ ಸಂಚಿಕೆಗೆಂದು ಬರೆಯುವಾಗ ಶಂಕುಸ್ಥಾಪನೆ, ಉದ್ಘಾಟನೆಗಳನ್ನು ಸಾಲಾಗಿ ಹೇಳಿಬಿಡುವುದು ಸುಲಭ. ಇಲ್ಲಿಯೂ ಅವು ಬರುತ್ತವೆ. ಆದರೆ ಊರಿನ ಆಡಳಿತ ಸಭೆಯೊಂದರ ನಿಜವಾದ ಬೆಲೆ ತಿಳಿಯುವುದು ಯುದ್ಧದ ಕಾಲದಲ್ಲಿ ಎಂದು ನನ್ನ ನಂಬಿಕೆ. ಸೇನೆಗಳು, ಗವರ್ನರುಗಳು ದೊಡ್ಡ ದೊಡ್ಡ ಲೆಕ್ಕಾಚಾರದಲ್ಲಿ ಮುಳುಗಿರುವಾಗ ನಲ್ಲಿಯಲ್ಲಿ ನೀರು ಬರಬೇಕು, ಬೀದಿ ಗುಡಿಸಬೇಕು, ಸತ್ತವರ ಹೆಸರು ದಾಖಲಾಗಬೇಕು ಎಂದು ಯಾರಾದರೂ ಕುಳಿತು ಯೋಚಿಸಬೇಕಲ್ಲ. ಮದ್ರಾಸಿನಲ್ಲಿ ಆ ಕೆಲಸ ಮೂರು ಶತಮಾನಕ್ಕೂ ಹೆಚ್ಚು ಕಾಲ ನಡೆದಿದೆ. ಯುದ್ಧ ಈ ಊರಿನ ಬಾಗಿಲಿಗೆ ಮತ್ತೆ ಮತ್ತೆ ಬಂದಿದೆ.

1688: ಸಣ್ಣ ಊರಿನ ದೊಡ್ಡ ಸಭೆ

ಕಾರ್ಪೊರೇಷನ್ ಹುಟ್ಟಿದ್ದೇ ಯುದ್ಧದ ಹೊತ್ತಿನಲ್ಲಿ. 1687ರಲ್ಲಿ ಔರಂಗಜೇಬ ಗೋಲ್ಕೊಂಡವನ್ನು ಗೆದ್ದು, ಮದ್ರಾಸಿನ ಕೋಟೆಯ ಸುತ್ತಲಿನ ಸೀಮೆಯೆಲ್ಲ ಮೊಗಲರ ಕೈಗೆ ಹೋಯಿತು. ಈಸ್ಟ್ ಇಂಡಿಯಾ ಕಂಪನಿಗೂ ಮೊಗಲರಿಗೂ ಆಗ ಜಗಳ ನಡೆಯುತ್ತಿತ್ತು. ಕೋಟೆ, ಸೇನೆ ಎಂದು ಖರ್ಚು ಏರುತ್ತಿದ್ದಂತೆ ಊರಿನವರ ಮೇಲೆ ತೆರಿಗೆ ಹಾಕುವ ಪ್ರಶ್ನೆ ಎದ್ದಿತು. ತಮ್ಮವರೇ ಕುಳಿತ ಸಭೆ ಹಾಕಿದ ತೆರಿಗೆಯನ್ನಾದರೆ ಜನ ಮನಸಾರೆ ಕೊಟ್ಟಾರು ಎಂಬುದು ಲಂಡನ್ನಿನಲ್ಲಿ ಕಂಪನಿಯನ್ನು ನಡೆಸುತ್ತಿದ್ದ ಸರ್ ಜೊಸೈಯಾ ಚೈಲ್ಡ್ ಅವರ ಯೋಚನೆ. 1687ರ ಡಿಸೆಂಬರ್ 30ರಂದು ಸನ್ನದು ಹೊರಟಿತು. 1688ರ ಸೆಪ್ಟೆಂಬರ್ 29ರಂದು ಸಭೆ ಶುರುವಾಯಿತು. ಲಂಡನ್ನಿನದನ್ನು ಬಿಟ್ಟರೆ ಜಗತ್ತಿನಲ್ಲಿ ಇಷ್ಟು ಹಳೆಯ ನಗರಸಭೆ ಇನ್ನೊಂದಿಲ್ಲ ಎಂದು ಚೆನ್ನೈಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಮೊದಲ ಮೇಯರ್ ನಥಾನಿಯೆಲ್ ಹಿಗಿನ್ಸನ್. ಅವರೊಂದಿಗೆ 12 ಆಲ್ಡರ್‌ಮನ್ನರು, 60 ಬರ್ಜೆಸರು. ಆಲ್ಡರ್‌ಮನ್ನರಲ್ಲಿ ಇಂಗ್ಲಿಷರು, ಪೋರ್ಚುಗೀಸರು, ಯಹೂದಿಗಳ ಜೊತೆಗೆ ಊರಿನ ವ್ಯಾಪಾರಿಗಳಾದ ಚಿನ್ನ ವೆಂಕಟಾದ್ರಿ, ಮುದ್ದ ವೀರಣ್ಣ, ಅಳಗಾತ್ತ ಪಿಳ್ಳೈ ಅವರೂ ಇದ್ದರು. ಮೇಯರ್ ಮತ್ತು ಆಲ್ಡರ್‌ಮನ್ನರಿಗೆ ಕಡುಗೆಂಪು ನಿಲುವಂಗಿ, ಬರ್ಜೆಸರಿಗೆ ಚೀನಾದ ಬಿಳಿ ರೇಷ್ಮೆ, ಮೇಯರ್ ಹೊರಟಾಗ ಮುಂದೆ ಬೆಳ್ಳಿಯ ದಂಡ. ಸೆಪ್ಟೆಂಬರಿನ ಮದ್ರಾಸ್ ಬಿಸಿಲಿನಲ್ಲಿ ಉಣ್ಣೆಯ ನಿಲುವಂಗಿ ಹೊತ್ತು ನಡೆದ ಆ ಮೆರವಣಿಗೆಯನ್ನು ನೆನೆದರೆ ಸಭೆಯ ಗೌರವಕ್ಕೆ ಎಷ್ಟು ಮಹತ್ವ ಕೊಟ್ಟಿದ್ದರು ಎಂಬುದು ತಿಳಿಯುತ್ತದೆ. ಪುರಭವನ, ಸೆರೆಮನೆ, ಶಾಲೆ ಕಟ್ಟಲು ತೆರಿಗೆ ಎತ್ತಬಹುದೆಂದು ಸನ್ನದಿನಲ್ಲಿತ್ತು. ಮನೆ ತೆರಿಗೆಗೆ ಊರಿನವರು ಬೇಗ ಒಪ್ಪಲಿಲ್ಲ. ಕೊಡುವವರೂ ಕೇಳುವವರೂ ಒಬ್ಬರ ಮಾತಿಗೆ ಒಬ್ಬರು ಹೊಂದಿಕೊಳ್ಳಲು ಬಹಳ ವರ್ಷ ಹಿಡಿಯಿತು.

1746–1772: ಮುತ್ತಿಗೆ, ಗೋಡೆ, ಬಾವಿ

1746ರ ಸೆಪ್ಟೆಂಬರಿನಲ್ಲಿ ಲಾ ಬೂರ್ಡೊನೆಯ ನೇತೃತ್ವದ ಫ್ರೆಂಚರು ಕೋಟೆಯನ್ನು ಹಿಡಿದರು. ಕಂಪನಿಯ ಆಡಳಿತ ಕಡಲೂರಿನ ಸೇಂಟ್ ಡೇವಿಡ್ ಕೋಟೆಗೆ ಹೋಯಿತು. 1749ರಲ್ಲಿ ಊರು ಮರಳಿ ಸಿಕ್ಕಿತು. 1753ರಲ್ಲಿ ಹೊಸ ಸನ್ನದು ಬಂತು. ಐದೇ ವರ್ಷಕ್ಕೆ, 1758ರ ಡಿಸೆಂಬರಿನಲ್ಲಿ, ಕೌಂಟ್ ಲ್ಯಾಲಿ ಮುತ್ತಿಗೆ ಹಾಕಿದ. 1759ರ ಫೆಬ್ರುವರಿಯಲ್ಲಿ ಅವನ ಸೇನೆ ಹಿಂದೆ ಸರಿಯಿತು.

ಮುಂದಿನ ಅಧ್ಯಾಯ ನಮಗೆ ಹತ್ತಿರದ್ದು. 1769ರ ಮಾರ್ಚಿನಲ್ಲಿ ಹೈದರ್ ಅಲಿ ತನ್ನ ಕುದುರೆ ದಂಡಿನೊಂದಿಗೆ ಮದ್ರಾಸಿನ ಬಾಗಿಲಿಗೇ ಬಂದುಬಿಟ್ಟ. ಆ ಏಪ್ರಿಲಿನಲ್ಲಿ ಕಂಪನಿ ಅವನೊಡನೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಶ್ರೀರಂಗಪಟ್ಟಣದ ದಂಡು ಅಂದು ಹುಟ್ಟಿಸಿದ ಭಯದಿಂದ ಕರಿಯರ ಊರೆಂದು ಕರೆಯುತ್ತಿದ್ದ ವಸತಿಗೂ ಗಟ್ಟಿ ಗೋಡೆ ಎದ್ದಿತು. ಗುತ್ತಿಗೆ ಪಾಲ್ ಬೆನ್‌ಫೀಲ್ಡ್ ಅವರದು. ಗೋಡೆಯ ಖರ್ಚನ್ನು ಊರಿನವರಿಂದ ಎತ್ತಬೇಕೆಂದು ತೆರಿಗೆಯ ಯೋಚನೆಯಾಯಿತಾದರೂ ಅದು ವಸೂಲಿಯ ಮಟ್ಟಕ್ಕೆ ಬರಲಿಲ್ಲ. ಸೆಂಟ್ರಲ್ ಸ್ಟೇಷನ್ನಿನ ಪಕ್ಕದ ರಸ್ತೆಯನ್ನು ಜನ ಇಂದಿಗೂ ವಾಲ್ ಟ್ಯಾಕ್ಸ್ ರೋಡ್ ಎಂದೇ ಕರೆಯುತ್ತಾರೆ.

ಇದರ ಬೆನ್ನಿಗೇ ಬಂದ ಕೆಲಸ ನೀರಿನದು. 1772ರಲ್ಲಿ ಕ್ಯಾಪ್ಟನ್ ಬೇಕರ್ ಅವರ ಯೋಜನೆಯಂತೆ ಊರಿನ ಉತ್ತರಕ್ಕೆ ಬಾವಿಗಳನ್ನು ತೋಡಿ ಅಲ್ಲಿಂದ ಕೋಟೆಗೆ ನೀರು ಒಯ್ದರು. ಜಾರ್ಜ್ ಟೌನಿನ ಆ ಭಾಗಕ್ಕೆ ಈಗಲೂ ‘ಏಳು ಕಿಣರು’, ಎಂದರೆ ಏಳು ಬಾವಿ, ಎಂಬ ಹೆಸರಿದೆ. ಗೋಡೆ ಬಹುಪಾಲು ಉರುಳಿಹೋಯಿತು. ಈ ಊರಿಗೆ ಕೊಳವೆ ನೀರಿನ ಚರಿತ್ರೆ ಶುರುವಾದದ್ದು ಆ ಬಾವಿಗಳಿಂದ.

1867–1913: ವಾರ್ಡು, ಮತ, ಕಟ್ಟಡ

ಹತ್ತೊಂಬತ್ತನೆಯ ಶತಮಾನದ ಕಾಯಿದೆಗಳನ್ನೆಲ್ಲ ವಿವರಿಸುವ ಅಗತ್ಯವಿಲ್ಲ. 1867ರಲ್ಲಿ ನಗರವನ್ನು 8 ವಾರ್ಡುಗಳಾಗಿ ಹಂಚಿ 32 ಕಮಿಷನರುಗಳನ್ನು ನೇಮಿಸಿದರು. 1878ರಿಂದ ಅವರಲ್ಲಿ ಕೆಲವರನ್ನು ತೆರಿಗೆ ಕೊಡುವವರು ಮತ ಹಾಕಿ ಆರಿಸತೊಡಗಿದರು. ಮಂಗಳೂರಿನಲ್ಲಿ 1866ರಲ್ಲಿ ಮುನಿಸಿಪಾಲಿಟಿ ಹುಟ್ಟಿದ್ದೂ ಮದ್ರಾಸ್ ಸರ್ಕಾರದ ಕಾನೂನಿನಂತೆಯೇ. ಬಳ್ಳಾರಿ, ಮಂಗಳೂರುಗಳ ಪುರಸಭೆಗಳಿಗೆ ಮಾದರಿ ಕೋಟೆಯಿಂದಲೇ ಹೋಗುತ್ತಿತ್ತು ಎಂಬುದನ್ನು ಕನ್ನಡ ಓದುಗರು ನೆನಪಿಡಬೇಕು. ಸ್ಥಳೀಯ ಸ್ವಯಮಾಡಳಿತದ ಬಗ್ಗೆ 1882ರಲ್ಲಿ ನಿರ್ಣಯ ಹೊರಡಿಸಿದ ಲಾರ್ಡ್ ರಿಪ್ಪನ್ ಅವರ ಹೆಸರನ್ನು ಮುಂದೆ ಕಾರ್ಪೊರೇಷನ್ ತನ್ನ ಮನೆಗೆ ಇಟ್ಟುಕೊಂಡಿತು.

ಎರ್ರಬಾಲು ಚೆಟ್ಟಿ ಬೀದಿಯಲ್ಲಿದ್ದ ಹಳೆಯ ಕಚೇರಿ ಇಕ್ಕಟ್ಟಾಗಿತ್ತು. 1909ರ ಡಿಸೆಂಬರ್ 11ರಂದು ಲಾರ್ಡ್ ಮಿಂಟೋ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು. ನಕ್ಷೆ ಜಿ. ಎಸ್. ಟಿ. ಹ್ಯಾರಿಸ್ ಅವರದು, ಕಟ್ಟಿದವರು ಲೋಗನಾಥ ಮುದಲಿಯಾರ್. ಏಳೂವರೆ ಲಕ್ಷ ರೂಪಾಯಿ ಖರ್ಚಾಯಿತು. 1913ರ ನವೆಂಬರ್ 26ರಂದು ಬಾಗಿಲು ತೆರೆಯಿತು. ಗೋಪುರದ ನಾಲ್ಕು ಮುಖಕ್ಕೂ ಗಡಿಯಾರವಿದ್ದು, ಅದನ್ನು ಕೂರಿಸಿದವರು ಓಕ್ಸ್ ಕಂಪನಿಯವರು. ಹಿಂದೆ ಪೀಪಲ್ಸ್ ಪಾರ್ಕ್, ಅದರೊಳಗೆ ಕಾರ್ಪೊರೇಷನ್ ನಡೆಸುತ್ತಿದ್ದ ಮೃಗಾಲಯ.

1914: ಎಂಡೆನ್ ಬಂದ ರಾತ್ರಿ

ಹೊಸ ಕಟ್ಟಡಕ್ಕೆ ವರ್ಷ ತುಂಬುವ ಮೊದಲೇ ಯುದ್ಧ ಬಂತು. 1914ರ ಸೆಪ್ಟೆಂಬರ್ 22ರ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಕ್ಯಾಪ್ಟನ್ ಫಾನ್ ಮುಲ್ಲರ್ ನಡೆಸುತ್ತಿದ್ದ ಜರ್ಮನ್ ಯುದ್ಧನೌಕೆ ಎಂಡೆನ್ ತೀರಕ್ಕೆ ಹತ್ತಿರ ಬಂದು ಸುಮಾರು 130 ಗುಂಡು ಹಾರಿಸಿತು. ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು. ಬಂದರಿನಲ್ಲಿದ್ದ ಹಡಗಿನ ನಾವಿಕರು ಕೆಲವರು ತೀರಿಕೊಂಡರು. ಹೈಕೋರ್ಟಿನ ಆವರಣದ ಗೋಡೆಗೆ ಗುಂಡು ತಗುಲಿದ ಜಾಗದಲ್ಲಿ ಕಲ್ಲಿನ ಫಲಕ ಇಂದಿಗೂ ಇದೆ. ಹೆದರಿದ ಜನ ಸಾವಿರ ಸಾವಿರವಾಗಿ ಊರು ಬಿಟ್ಟರು.

ಆ ವರ್ಷದ ದೊಡ್ಡ ಸುದ್ದಿ ಎಂಡೆನ್. ಆದರೆ ಅದೇ 1914ರಲ್ಲಿ ಕಾರ್ಪೊರೇಷನ್ ಮಾಡಿ ಮುಗಿಸಿದ ಇನ್ನೊಂದು ಕೆಲಸ ಇವತ್ತಿಗೂ ಊರಿನ ಉಪಯೋಗಕ್ಕಿದೆ. 1872ರಿಂದ ರೆಡ್ ಹಿಲ್ಸ್ ಕೆರೆಯ ನೀರು ತೆರೆದ ಕಾಲುವೆಯಲ್ಲಿ ಹರಿದು ಬರುತ್ತಿತ್ತು. ದಾರಿಯಲ್ಲಿ ಏನೇನು ಸೇರುತ್ತಿತ್ತೋ ಅದೆಲ್ಲ ಕುಡಿಯುವ ನೀರಿಗೆ ಬರುತ್ತಿತ್ತು. ಕಾಲರಾ ಈ ಊರಿಗೆ ಅಪರಿಚಿತವಾಗಿರಲಿಲ್ಲ. ಕಾರ್ಪೊರೇಷನ್ನಿನ ಎಂಜಿನಿಯರ್ ಜೆ. ಡಬ್ಲ್ಯು. ಮ್ಯಾಡ್ಲಿ ಮುಚ್ಚಿದ ಕಾಲುವೆ ಕಟ್ಟಿಸಿ, ಕಿಲ್ಪಾಕ್‌ನಲ್ಲಿ ಮರಳಿನ ಶೋಧಕಗಳ ಮೂಲಕ ನೀರನ್ನು ನಿಧಾನವಾಗಿ ಸೋಸಿ ಊರಿಗೆ ಕೊಡುವ ವ್ಯವಸ್ಥೆ ಮಾಡಿದರು. ಎಣ್ಣೆ ಟ್ಯಾಂಕುಗಳು ಉರಿದ ವರ್ಷವೇ ಆ ನೀರು ನಲ್ಲಿಗೆ ಬಂತು. ಯುದ್ಧದ ನೆಪ ಹೇಳಿ ಅದನ್ನು ಮುಂದೂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ತ್ಯಾಗರಾಯ ನಗರದ ಮ್ಯಾಡ್ಲಿ ರಸ್ತೆಯಲ್ಲಿ ಓಡಾಡುವ ನಮ್ಮವರಿಗೆ ಅದು ಯಾರ ಹೆಸರೆಂದು ತಿಳಿದಿರಲಿ ಎಂದು ಇಷ್ಟು ಬರೆದೆ.

1919–1938: ಮಧ್ಯಾಹ್ನದ ಊಟ, ಸಂಜೆಯ ಸಂಗೀತ

1919ರ ಕಾಯಿದೆಯಿಂದ ಚುನಾಯಿತರ ಬಲ ಹೆಚ್ಚಿತು. ಸರ್ ಪಿಟ್ಟಿ ತ್ಯಾಗರಾಯ ಚೆಟ್ಟಿಯವರು ಸರ್ಕಾರಿ ಅಧಿಕಾರಿಯಲ್ಲದ ಮೊದಲ ಅಧ್ಯಕ್ಷರಾದರು. 1920ರಲ್ಲಿ ಥೌಸಂಡ್ ಲೈಟ್ಸ್‌ನ ಕಾರ್ಪೊರೇಷನ್ ಶಾಲೆಯ ಮಕ್ಕಳಿಗೆ ತಲೆಗೆ ಒಂದಾಣೆ ಮೀರದಂತೆ ಮಧ್ಯಾಹ್ನದ ಆಹಾರ ಕೊಡಬೇಕೆಂದು ಸಭೆ ಠರಾವು ಮಾಡಿತು. ನಮ್ಮ ಅಕ್ಷರ ದಾಸೋಹಕ್ಕಿಂತ ಎಂಟು ದಶಕ ಮೊದಲಿನ ಮಾತು. ಹಸಿದ ಮಗು ಶಾಲೆಗೆ ಬರುವುದಿಲ್ಲ ಎಂಬುದನ್ನು ವಾರ್ಡಿನಲ್ಲಿ ಓಡಾಡುವ ಕೌನ್ಸಿಲರುಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಖರ್ಚನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂಬ ವಿಚಾರದಲ್ಲಿ ಸರ್ಕಾರದೊಂದಿಗೆ ಭಿನ್ನಾಭಿಪ್ರಾಯ ಬಂದು 1925ರಲ್ಲಿ ಅದು ನಿಂತಿತಾದರೂ ಮುಂದೆ ಇಡೀ ದೇಶ ಕಂಡ ಯೋಜನೆಯ ಬೀಜ ಅಲ್ಲಿತ್ತು. ಸಭೆಯೊಳಗೆ ಜಸ್ಟಿಸ್ ಪಕ್ಷದವರಿಗೂ ಕಾಂಗ್ರೆಸ್ಸಿನವರಿಗೂ ಮಾತಿಗೆ ಮಾತು ಬೆಳೆದದ್ದುಂಟು. ನೀರು, ಶಾಲೆ, ಆರೋಗ್ಯದ ಕೆಲಸಗಳು ಮಾತ್ರ ಎರಡೂ ಕಡೆಯವರ ಕಾಲದಲ್ಲಿ ಮುಂದುವರಿದವು.

ಇನ್ನೊಂದು ಕೆಲಸ ಕೇಳಿದರೆ ಆಶ್ಚರ್ಯವಾಗುತ್ತದೆ. ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿಯವರು 1924ರಲ್ಲಿ ಕಟ್ಟಿದ ರೇಡಿಯೋ ಕ್ಲಬ್ ಹಣವಿಲ್ಲದೆ ನಿಂತಾಗ ಅದರ ಯಂತ್ರವನ್ನು ಕಾರ್ಪೊರೇಷನ್ ಪಡೆದುಕೊಂಡಿತು. 1930ರ ಏಪ್ರಿಲ್ 1ರಿಂದ ದಿನವೂ ಸಂಜೆ ಕಾರ್ಪೊರೇಷನ್ನಿನದೇ ಪ್ರಸಾರ. ಮರೀನಾ ತೀರದಲ್ಲಿ ಧ್ವನಿವರ್ಧಕದ ಕೆಳಗೆ ಕುಳಿತು ಜನ ಸಂಗೀತ ಕೇಳುತ್ತಿದ್ದರು. ಶಾಲೆಗಳಿಗೆ ಪಾಠಗಳೂ ಬರುತ್ತಿದ್ದವು. 1938ರ ಜೂನ್ 16ರಂದು ಆಲ್ ಇಂಡಿಯಾ ರೇಡಿಯೋ ಮದ್ರಾಸಿಗೆ ಬರುವವರೆಗೆ ಇದು ನಡೆಯಿತು. ಕಸ ಮತ್ತು ಚರಂಡಿಯ ಲೆಕ್ಕ ನೋಡುವ ಸಭೆ ಊರಿನ ಕಿವಿಗೂ ಏನಾದರೂ ಕೊಡಬೇಕೆಂದುಕೊಂಡದ್ದು ದೊಡ್ಡ ಮಾತು. 1933ರಲ್ಲಿ ಅಧ್ಯಕ್ಷ ಪದವಿಗೆ ಮತ್ತೆ ಮೇಯರ್ ಎಂಬ ಹೆಸರು ಬಂದು, ಎಂ. ಎ. ಮುತ್ತಯ್ಯ ಚೆಟ್ಟಿಯಾರ್ ಆ ಪೀಠದಲ್ಲಿ ಮೊದಲು ಕುಳಿತರು.

1939–1945: ಊರು ಖಾಲಿಯಾದಾಗ

ಎರಡನೆಯ ಮಹಾಯುದ್ಧ ಶುರುವಾದ ವರ್ಷ ಮೇಯರ್ ಆದವರು ಎಸ್. ಸತ್ಯಮೂರ್ತಿ. ಭಾರತವನ್ನು ಕೇಳದೆಯೇ ಯುದ್ಧಕ್ಕೆ ಎಳೆದರೆಂದು ರಾಜಾಜಿಯವರ ಸಂಪುಟ ರಾಜೀನಾಮೆ ಕೊಟ್ಟಿತ್ತು. ಕಾಂಗ್ರೆಸ್ಸಿನ ಮುಂಚೂಣಿಯ ನಾಯಕರಾದ ಸತ್ಯಮೂರ್ತಿಯವರಿಗೂ ಬ್ರಿಟಿಷ್ ಗವರ್ನರಿಗೂ ರಾಜಕೀಯವಾಗಿ ಹೊಂದುವಂತಿರಲಿಲ್ಲ. ಆದರೆ ಊರಿಗೆ ನೀರು ಸಾಲುತ್ತಿರಲಿಲ್ಲ. 1941ರ ಜನಗಣತಿಯ ಹೊತ್ತಿಗೆ ಮದ್ರಾಸಿನ ಜನಸಂಖ್ಯೆ ಏಳೂಮುಕ್ಕಾಲು ಲಕ್ಷ. ಶತಮಾನದ ಆರಂಭದಲ್ಲಿ ಐದು ಲಕ್ಷದಷ್ಟಿತ್ತು. ರೆಡ್ ಹಿಲ್ಸ್ ಒಂದನ್ನೇ ನಂಬಿ ಕೂರುವ ಕಾಲ ಹೋಗಿತ್ತು.

ತಿರುವಳ್ಳೂರಿನ ಹತ್ತಿರ, ನಗರದಿಂದ ಸುಮಾರು 60 ಕಿಲೋಮೀಟರ್ ಪಶ್ಚಿಮಕ್ಕೆ, ಕೊಸಸ್ತಲೈ ನದಿಗೆ ಪೂಂಡಿಯಲ್ಲಿ ಅಣೆಕಟ್ಟು ಕಟ್ಟಬೇಕೆಂದು ಸತ್ಯಮೂರ್ತಿ ಪಟ್ಟುಹಿಡಿದರು. ಯುದ್ಧದ ವೆಚ್ಚದ ಕಾರಣ ಹೇಳಿ ಕಡತವನ್ನು ಬದಿಗಿಡಲು ಸರ್ಕಾರಕ್ಕೆ ಕಷ್ಟವೇನಿರಲಿಲ್ಲ. ಮೇಯರ್ ಬಿಡಲಿಲ್ಲ, ಗವರ್ನರ್ ಸರ್ ಆರ್ಥರ್ ಹೋಪ್ ಕೂಡ ಅದನ್ನು ರಾಜಕೀಯದ ಕಣ್ಣಿನಿಂದ ನೋಡಲಿಲ್ಲ. 1940ರ ಆಗಸ್ಟಿನಲ್ಲಿ ಶಂಕುಸ್ಥಾಪನೆಯಾಯಿತು. ಯುದ್ಧ ನಡೆಯುತ್ತಿರುವಂತೆಯೇ 1944ರಲ್ಲಿ ಕೆಲಸ ಮುಗಿಯಿತು. ಸತ್ಯಮೂರ್ತಿ ಅದನ್ನು ಕಾಣಲಿಲ್ಲ. 1942ರ ಆಗಸ್ಟಿನಲ್ಲಿ ಬಂಧನಕ್ಕೊಳಗಾಗಿ, ಸೆರೆಯಲ್ಲಿ ಆರೋಗ್ಯ ಕೆಟ್ಟು, 1943ರ ಮಾರ್ಚ್ 28ರಂದು ತೀರಿಕೊಂಡರು. ಅವರನ್ನು ಗುರುವೆಂದು ಕಂಡ ಕಾಮರಾಜರ ಕಾಲದಲ್ಲಿ ಆ ಜಲಾಶಯಕ್ಕೆ ಸತ್ಯಮೂರ್ತಿ ಸಾಗರ ಎಂಬ ಹೆಸರಾಯಿತು. ಈ ಸಂಸ್ಥೆಯ ಇಡೀ ಚರಿತ್ರೆಯಲ್ಲಿ ಒಂದೇ ಒಂದು ನಿರ್ಧಾರವನ್ನು ಆರಿಸಿಕೊಳ್ಳೆಂದರೆ ನಾನು ಪೂಂಡಿಯನ್ನೇ ಆರಿಸುತ್ತೇನೆ.

1942ರ ಏಪ್ರಿಲ್ ಮದ್ರಾಸಿಗೆ ಬಂದ ಕೆಟ್ಟ ತಿಂಗಳು. ಮಾರ್ಚಿನಲ್ಲಿ ರಂಗೂನ್ ಬಿದ್ದಿತ್ತು. ಏಪ್ರಿಲ್ 5ರಂದು ಕೊಲಂಬೊ ಮೇಲೆ, 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಜಪಾನಿ ಬಾಂಬುಗಳು ಬಿದ್ದವು. ಮುಂದಿನ ಸರದಿ ಮದ್ರಾಸಿನದೇ ಎಂದು ಎಲ್ಲರೂ ನಂಬಿದರು. ಕೆಲಸವಿಲ್ಲದವರು ಊರು ಬಿಡುವುದು ಒಳ್ಳೆಯದೆಂದು ಸರ್ಕಾರವೇ ಹೇಳಿತು. ಸರ್ಕಾರಿ ಕಚೇರಿಗಳು ಒಳನಾಡಿನ ಊರುಗಳಿಗೆ ಹೋದವು. ಹೈಕೋರ್ಟ್ ಕೊಯಮತ್ತೂರಿಗೆ ಹೋಯಿತು. ಲಕ್ಷಾಂತರ ಜನ ಸಿಕ್ಕ ರೈಲು, ಎತ್ತಿನ ಗಾಡಿ ಹತ್ತಿ ಹೊರಟರು. ದಕ್ಷಿಣ ಕನ್ನಡದವರಿಗೆ ಹೋಗಲು ಊರು ಇತ್ತು. ಇಲ್ಲೇ ಹುಟ್ಟಿ ಬೆಳೆದ ಬಡವರಿಗೆ ಅದೂ ಇರಲಿಲ್ಲ.

ಕಾರ್ಪೊರೇಷನ್ ಮಾತ್ರ ಹೊರಡುವಂತಿರಲಿಲ್ಲ. ಪಂಪಿನ ಮನೆಯನ್ನು ಊಟಿಗೆ ಒಯ್ಯಲಾಗದು, ಚರಂಡಿಯನ್ನು ಚಿತ್ತೂರಿಗೆ ಸಾಗಿಸಲಾಗದು. ಅರ್ಧ ಖಾಲಿಯಾದ ಊರಿನಲ್ಲೂ ಕಸ ಬೀಳುತ್ತದೆ, ಮಗು ಹುಟ್ಟುತ್ತದೆ. ಬೀಗ ಹಾಕಿ ಹೋದ ಮನೆಯವರಿಂದ ಕಂದಾಯ ವಸೂಲಿ ಮಾಡುವುದು ಹೇಗೆ, ಮಕ್ಕಳೇ ಇಲ್ಲದ ಶಾಲೆಯನ್ನು ಏನು ಮಾಡುವುದು, ಬೀದಿದೀಪಕ್ಕೆ ಮುಸುಕು ಹಾಕಿದ ರಾತ್ರಿಗಳಲ್ಲಿ ದಾರಿಹೋಕರು ಬೀಳದಂತೆ ಏನು ಮಾಡುವುದು: ಇಂಥ ಊರಿನ ಮುಂದೆ ಬರುವ ಪ್ರಶ್ನೆಗಳು ಹೀಗಿರುತ್ತವೆ. ಗುಡಿಸುವವರು, ನೀರು ಬಿಡುವವರು, ದೀಪ ನೋಡಿಕೊಳ್ಳುವವರು ಉಳಿದದ್ದರಿಂದಲೇ ಹೋದವರಿಗೆ ಮರಳಿ ಬರಲು ಒಂದು ಊರು ಇತ್ತು. ಅವರ ಹೆಸರುಗಳು ಯಾವ ಫಲಕದಲ್ಲೂ ಇಲ್ಲ.

ಆ ತಿಂಗಳ ಇನ್ನೊಂದು ಕೆಲಸವನ್ನು ಬರೆಯುವುದೂ ನೋವಿನ ಸಂಗತಿ. ಬಾಂಬು ಬಿದ್ದು ಬೋನುಗಳು ಮುರಿದರೆ ಮೃಗಾಲಯದ ಪ್ರಾಣಿಗಳು ಬೀದಿಗೆ ಬಂದಾವೆಂಬ ಭಯವಿತ್ತು. ರಿಪ್ಪನ್ ಬಿಲ್ಡಿಂಗಿನ ಬೆನ್ನಿಗೇ, ಪೀಪಲ್ಸ್ ಪಾರ್ಕಿನಲ್ಲಿ, ಸಿಂಹ, ಹುಲಿ, ಚಿರತೆ, ಕರಡಿಗಳನ್ನು ಮಲಬಾರ್ ಸ್ಪೆಷಲ್ ಪೊಲೀಸಿನವರು ಗುಂಡಿಟ್ಟು ಕೊಂದರು. ಅಂದಿನ ಆತಂಕದಲ್ಲಿ ಆದ ನಿರ್ಧಾರ ಅದು. ಆ ಪ್ರಾಣಿಗಳಿಗೆ ದಿನವೂ ಮಾಂಸ ಹಾಕುತ್ತಿದ್ದ ಕಾವಲುಗಾರರೂ ಕಾರ್ಪೊರೇಷನ್ನಿನ ಸಂಬಳದವರೇ ಆಗಿದ್ದರು.

ಜಪಾನಿ ವಿಮಾನ ಕೊನೆಗೂ ಬಂತು, 1943ರ ಅಕ್ಟೋಬರ್ 12ರ ರಾತ್ರಿ. ಒಂಟಿ ವಿಮಾನ ಬಂದರಿನ ಬಳಿ ಬಾಂಬು ಹಾಕಿ ಹೋಯಿತು, ಹಾನಿ ಅಲ್ಪ. ಊರಿನ ಬಹುಮಂದಿಗೆ ಗೊತ್ತೇ ಆಗಲಿಲ್ಲ, ಏಕೆಂದರೆ ಆ ದಿನಗಳಲ್ಲಿ ಮದ್ರಾಸ್ ಮಳೆಯಲ್ಲಿ ಮುಳುಗಿತ್ತು. ಕೂವಂ ಉಕ್ಕಿ ತಗ್ಗಿನ ಗುಡಿಸಲುಗಳು ಕೊಚ್ಚಿಹೋಗಿದ್ದವು. ಆ ಅಕ್ಟೋಬರಿನಲ್ಲಿ ಊರನ್ನು ಹೆಚ್ಚು ಕಾಡಿದ್ದು ಬಾಂಬಲ್ಲ, ನೆರೆ. ನೆರೆ ಇಳಿದ ಮೇಲೆ ಕಾಲರಾ ಬಾರದಂತೆ ನೋಡಿಕೊಳ್ಳುವ ಹೊಣೆ ಆರೋಗ್ಯ ಶಾಖೆಯದು.

ಬರ್ಮಾದ ಅಕ್ಕಿ ನಿಂತು 1943ರಲ್ಲಿ ನಗರಕ್ಕೆ ರೇಷನ್ ಬಂತು. ಹೋಟೆಲು ನಡೆಸುತ್ತಿದ್ದ ಉಡುಪಿಯವರಿಗೆ ಅದು ದೊಡ್ಡ ಪೆಟ್ಟು. ಕಡಂದಲೆಯಿಂದ ಬಂದು ಮೌಂಟ್ ರೋಡಿನಲ್ಲಿ ಉಡುಪಿ ಶ್ರೀ ಕೃಷ್ಣ ವಿಲಾಸ್ ಕಟ್ಟಿದ ಕೆ. ಕೃಷ್ಣರಾಯರು ಯುದ್ಧಕ್ಕೆ ಸ್ವಲ್ಪ ಮುಂಚೆಯಷ್ಟೇ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದ್ದರು. ಅಕ್ಕಿ ಸಿಗದೆ ಇಡ್ಲಿಗೆ ರವೆ ಬೆರೆಸುವ ಉಪಾಯ ಬೆಂಗಳೂರಿನಲ್ಲಿ ಹೊಳೆದದ್ದು ಇದೇ ಯುದ್ಧದ ಕಾಲದಲ್ಲಿ ಎಂದು ಎಂಟಿಆರ್‌ನವರು ಹೇಳುತ್ತಾರೆ. ಮದ್ರಾಸಿನ ಅಡಿಗೆಮನೆಗಳಿಗೂ ಗೋಧಿ ಕಾಲಿಟ್ಟದ್ದು ರೇಷನ್ ಚೀಟಿಯ ಮೂಲಕವೇ.

1947ರಿಂದ ಈಚೆಗೆ

ಸ್ವಾತಂತ್ರ್ಯದ ಹೊಸದರಲ್ಲಿ, 1947–48ರಲ್ಲಿ, ಮೇಯರ್ ಪೀಠದಲ್ಲಿದ್ದವರು ಡಾ. ಯು. ಕೃಷ್ಣರಾವ್. ದಕ್ಷಿಣ ಕನ್ನಡದಿಂದ ಬಂದು ಮದ್ರಾಸಿನಲ್ಲಿ ವೈದ್ಯರಾಗಿ ಹೆಸರು ಮಾಡಿ, 1937ರಲ್ಲಿ ವಿಧಾನ ಪರಿಷತ್ತಿನ ಅಧ್ಯಕ್ಷರಾದ ಡಾ. ಯು. ರಾಮರಾವ್ ಅವರ ಮಗ. ಮುಂದೆ ಕೃಷ್ಣರಾಯರು ಮದ್ರಾಸ್ ವಿಧಾನಸಭೆಯ ಸ್ಪೀಕರ್ ಆದರು. ಯುದ್ಧಕಾಲದಲ್ಲಿ ಬಂದು ಸೇರಿದವರಿಂದಲೂ ಹೊಸ ಪ್ರದೇಶಗಳ ಸೇರ್ಪಡೆಯಿಂದಲೂ ಊರು ಉಬ್ಬಿ, 1951ರ ಗಣತಿಯಲ್ಲಿ 14 ಲಕ್ಷ ದಾಟಿತ್ತು. ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಎರಡರಷ್ಟಾದ ಊರಿಗೆ ಶಾಲೆ, ಹೆರಿಗೆ ಆಸ್ಪತ್ರೆ, ಒಳಚರಂಡಿ ಒದಗಿಸುವ ಹೊರೆ ಈ ವೈದ್ಯ ಮೇಯರ್ ಮತ್ತು ಅವರ ನಂತರ ಬಂದವರ ಹೆಗಲಿಗೆ ಬಿತ್ತು.

1973ರಲ್ಲಿ ಕೌನ್ಸಿಲ್ ವಿಸರ್ಜನೆಯಾಗಿ ದೀರ್ಘಕಾಲ ವಿಶೇಷಾಧಿಕಾರಿಗಳ ಆಡಳಿತ ನಡೆಯಿತು. 1978ರಲ್ಲಿ ನೀರು ಮತ್ತು ಒಳಚರಂಡಿ ಮೆಟ್ರೋವಾಟರ್ ಮಂಡಳಿಗೆ ಹೋಯಿತು. ಮೃಗಾಲಯ 1985ರಲ್ಲಿ ವಂಡಲೂರಿನ ವಿಶಾಲ ಕಾಡಿನಲ್ಲಿ ಹೊಸದಾಗಿ ತೆರೆಯಿತು. 1996ರಲ್ಲಿ ಚುನಾವಣೆ ಮರಳಿ ಬಂದಾಗ ಎಂ. ಕೆ. ಸ್ಟಾಲಿನ್ ಜನರಿಂದ ನೇರವಾಗಿ ಆಯ್ಕೆಯಾದ ಮೊದಲ ಮೇಯರ್ ಆದರು. 2011ರಲ್ಲಿ ಅಂಬತ್ತೂರು, ಆಲಂದೂರು, ತಿರುವೊಟ್ಟಿಯೂರು ಮುಂತಾದ 42 ಸ್ಥಳೀಯ ಸಂಸ್ಥೆಗಳು ಸೇರಿಕೊಂಡು ಪಾಲಿಕೆಯ ವ್ಯಾಪ್ತಿ 174ರಿಂದ 426 ಚದರ ಕಿಲೋಮೀಟರಿಗೆ ಏರಿತು, ವಾರ್ಡುಗಳು 200 ಆದವು. ಆ ಪುಟ್ಟ ಊರುಗಳ ಸಭೆಗಳಿಗೂ ಅವುಗಳದೇ ಚರಿತ್ರೆಯಿದೆ; ಯಾರಾದರೂ ಅದನ್ನು ಬರೆಯಬೇಕು. 2022ರಲ್ಲಿ ಆರ್. ಪ್ರಿಯಾ ಮೇಯರ್ ಆದರು. ದಲಿತ ಮಹಿಳೆಯೊಬ್ಬರು ಈ ಪೀಠಕ್ಕೆ ಬಂದದ್ದು ಅದೇ ಮೊದಲು.

ನೀರಿನ ಹೊಣೆ ಪಾಲಿಕೆಯ ಕೈಬಿಟ್ಟರೂ ಪೂಂಡಿಯ ಕಥೆ ಮುಗಿಯಲಿಲ್ಲ. 1976ರಲ್ಲಿ ಕರ್ನಾಟಕ, ಮಹಾರಾಷ್ಟ್ರ, ಆಂಧ್ರ ಪ್ರದೇಶಗಳು ತಮ್ಮ ತಮ್ಮ ಕೃಷ್ಣಾ ಪಾಲಿನಲ್ಲಿ ತಲಾ 5 ಟಿಎಂಸಿ ನೀರನ್ನು ಮದ್ರಾಸಿನ ಕುಡಿಯುವ ನೀರಿಗೆ ಬಿಡಲು ಒಪ್ಪಿದವು. 1983ರ ಒಪ್ಪಂದದ ನಂತರ ತೆಲುಗು ಗಂಗಾ ಕಾಲುವೆ ತೋಡಿದರು. 1996ರಲ್ಲಿ ಕೃಷ್ಣೆ ತಮಿಳುನಾಡಿನ ಗಡಿ ದಾಟಿದಳು. ಕಂಡಲೇರುವಿನಿಂದ ಹೊರಟ ಆ ನೀರು ಬಂದು ಇಳಿಯುವುದು ಸತ್ಯಮೂರ್ತಿ ಸಾಗರಕ್ಕೆ. ಅಲ್ಲಿಂದ ರೆಡ್ ಹಿಲ್ಸ್ ಕಡೆಗೆ ಸಾಗಿ ಮನೆಮನೆಯ ನಲ್ಲಿಗೆ ತಲುಪುತ್ತದೆ. ಯುದ್ಧದ ಮಧ್ಯೆ ಕಾರ್ಪೊರೇಷನ್ ಆ ಅಣೆಕಟ್ಟು ಕಟ್ಟದೇ ಇದ್ದಿದ್ದರೆ, ನಮ್ಮ ರಾಜ್ಯ ಬಿಟ್ಟುಕೊಟ್ಟ ಪಾಲನ್ನು ಇಳಿಸಿಕೊಳ್ಳಲು ಚೆನ್ನೈ ಬೇರೆ ಜಾಗವನ್ನೇ ಹುಡುಕಬೇಕಾಗಿತ್ತು.